ಕಳ್ಳಿ ಎಂದು ಒಪ್ಪಿಕೊಂಡ ಬೆಳಗು

ಕ್ಯಾಸಲ್‌ರಾಕ್
ಶ್ರಾವಣ ಕಳೆದ ಮೊದಲ ಸೋಮವಾರ, 1969

ನನ್ನ ಮಗಳು ಶಿವವ್ವಗೆ,

ಈ ಅಕ್ಷರ ಯಾರದೆಂದು ನಿನಗೆ ತಿಳಿಯಲಿಕ್ಕಿಲ್ಲ. ನೀನು ನನ್ನನ್ನು ಬಲ್ಲ ಕಾಲದಲ್ಲಿ ನಾನು ಹೆಬ್ಬೆಟ್ಟು ಒತ್ತುವವಳು. ಓದು ಬರಹ ಕಲಿತದ್ದು ಜೇಲಿನಲ್ಲಿ, ಮೂವತ್ತು ದಾಟಿದ ಮೇಲೆ. ಎಲ್ಲರೂ ಮೊದಲು ತಮ್ಮ ಹೆಸರು ಬರೆಯಲು ಕಲಿತರೆ ನಾನು ನಿನ್ನ ಹೆಸರು ಕಲಿತೆ. ಕೊನೆಯ ಅಕ್ಷರದ ಒತ್ತು ಬಹಳ ದಿನ ನನಗೆ ಬರಲೇ ಇಲ್ಲ.

ಇದನ್ನು ನಿನ್ನ ಕೈಗೆ ಕೊಟ್ಟವಳು ಬಳೆ ಮಾರುವ ಗೋದುಬಾಯಿ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಹೆದರಬೇಡ. ನಿನ್ನ ಅತ್ತೆ ಮನೆಯಲ್ಲಿಲ್ಲದ ಹೊತ್ತು ನೋಡಿ ಕೊಡು ಎಂದು ಹೇಳಿದ್ದೇನೆ. ನಿನ್ನ ಗಂಡನ ಮನೆಯವರಿಗೆ ನೀನು ತಾಯಿ ಇಲ್ಲದವಳು. ಅದು ಹಾಗೆಯೇ ಇರಲಿ. ಅದನ್ನು ಕೆಡಿಸಲು ನಾನು ಬರೆಯುತ್ತಿಲ್ಲ.

ನನ್ನ ವಿಷಯದಲ್ಲಿ ನಿನಗೆ ಎರಡು ಮಾತು ಗೊತ್ತಿದೆ. ನಿನ್ನ ತಾಯಿ ಕಳ್ಳಿ ಎನ್ನುವುದೊಂದು. ಕಿವಿಯ ಬಂಗಾರದ ಆಸೆಗೆ ನೆರೆಮನೆಯ ಕೂಸನ್ನು ಕರೆದೊಯ್ದು ಬಿದಿರಿನ ರಾಶಿಯಲ್ಲಿ ಬಚ್ಚಿಟ್ಟಳು ಎನ್ನುವುದು ಇನ್ನೊಂದು. ಮೊದಲನೆಯದು ನಿಜ. ಎರಡನೆಯದು ಸುಳ್ಳು. ಆ ಸುಳ್ಳನ್ನು ನಾಲ್ಕು ಜನರೆದುರು ಹೇಳಿದವಳು ನಾನೇ. ಯಾಕೆ ಹೇಳಿದೆ ಎನ್ನುವುದನ್ನು ಎಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಸಾಯುವ ತನಕ ಇಟ್ಟುಕೊಳ್ಳುವವಳಿದ್ದೆ. ಹೋದ ತಿಂಗಳು ನಿನ್ನನ್ನು ನೋಡಿದ ಮೇಲೆ ಆಗಲಿಲ್ಲ.

ನಿನ್ನ ಅಜ್ಜಿ ಮುದಕವ್ವನಿಂದ ಶುರು ಮಾಡಬೇಕು. ಅವಳು ಹೋದಾಗ ನೀನು ಐದು ವರ್ಷದವಳು, ಅವಳ ಮುಖ ನೆನಪಿದೆಯೋ ಇಲ್ಲವೋ. ಹಳಿಯಾಳದಿಂದ ಎರಡು ಹರದಾರಿ ದೂರದ ನಮ್ಮೂರಿನಲ್ಲಿ ಅವಳು ಅಂಜನ ಹಾಕುತ್ತಿದ್ದಳು. ಹರಳೆಣ್ಣೆ ದೀಪದ ಕಾಡಿಗೆಯನ್ನು ತುಪ್ಪದಲ್ಲಿ ಕಲಸಿ ವೀಳ್ಯದೆಲೆಗೆ ಹಚ್ಚಿ, ಅದನ್ನೇ ದಿಟ್ಟಿಸುತ್ತ ಕೂತರೆ ಕಳೆದುಹೋದದ್ದು ಎಲ್ಲಿದೆಯೆಂದು ಅವಳಿಗೆ ಕಾಣುತ್ತಿತ್ತು. ತಪ್ಪಿಸಿಕೊಂಡ ಎಮ್ಮೆ, ಹೊಲದಲ್ಲಿ ಬಿದ್ದ ಮೂಗುತಿ, ಸಿಟ್ಟು ಮಾಡಿ ಮನೆ ಬಿಟ್ಟ ಮಗ. ಯಾರಿಗೂ ಕೇಡು ಬಯಸಿದವಳಲ್ಲ. ಒಂದು ತೆಂಗಿನಕಾಯಿ, ಒಂದು ಸೇರು ಜೋಳ ಕೊಟ್ಟರೆ ತೆಗೆದುಕೊಳ್ಳುತ್ತಿದ್ದಳು, ಕೊಡದಿದ್ದರೆ ಕೇಳುತ್ತಿರಲಿಲ್ಲ.

ನನಗೆ ಕಾಡಿಗೆಯೂ ಬೇಕಿರಲಿಲ್ಲ. ಒಂದು ಮನೆಯೊಳಗೆ ಕಾಲಿಟ್ಟರೆ ಸಾಕು, ಅಲ್ಲಿ ಬಚ್ಚಿಟ್ಟ ವಸ್ತು ಎಲ್ಲಿದೆಯೋ ಅತ್ತ ಮೈ ತಿರುಗುತ್ತಿತ್ತು, ಚಳಿಯಲ್ಲಿ ಒಲೆಯ ಕಡೆಗೆ ತಿರುಗುವ ಹಾಗೆ. ನಾನು ಹತ್ತು ವರ್ಷದವಳಿದ್ದಾಗ ಅವ್ವನಿಗೆ ಇದು ಗೊತ್ತಾಯಿತು. "ನಮ್ಮ ಮನಿತನದ ಹೆಣ್ಣಮಕ್ಕಳಿಗೆ ಕಣ್ಣು ಬರತೈತಿ, ಯವ್ವಾ. ಬಂದದ್ದನ್ನ ಬ್ಯಾಡ ಅನ್ನಾಕ ಬರೂದಿಲ್ಲ. ಆದ್ರ ನಿಂದು ಯಾರ ಮುಂದೂ ಹೇಳಬ್ಯಾಡ," ಎಂದಳು.

ಐವತ್ತೇಳನೇ ಇಸವಿಯಲ್ಲಿ ಊರ ಗುಡಿಯ ಬೆಳ್ಳಿ ಮುಖವಾಡ ಕಳುವಾಯಿತು. ಹಿರಿಯರೇ ಮನೆಗೆ ಬಂದು ಅಂಜನ ಹಾಕಿಸಿದರು. ಅವ್ವನಿಗೆ ಕಂಡದ್ದು ಗೌಡರ ಅಳಿಯನ ಮನೆಯ ಮುಂದೆ ನೆಲದಲ್ಲಿ ತೋಡಿದ ಕಾಳಿನ ಹಗೇವು. ಅವಳಿಗೆ ಮುಚ್ಚಿಡಲು ಬರುತ್ತಿರಲಿಲ್ಲ, ಎಲ್ಲರೆದುರು ಹೇಳಿಬಿಟ್ಟಳು. ಹಗೇವು ತೆಗೆದು ನೋಡಿದರೆ ಜೋಳದ ಕೆಳಗೆ ಮುಖವಾಡ ಇತ್ತು. ಅಳಿಯ ಕಳ್ಳನಾಗಲಿಲ್ಲ, ನಮ್ಮವ್ವ ಮಾಟಗಾತಿಯಾದಳು. ಅವಳೇ ಮಂತ್ರದಿಂದ ಅಲ್ಲಿ ಇಳಿಸಿದ್ದಾಳೆ ಎಂದರು. ತಿಂಗಳೊಳಗೆ ಗೌಡರ ಮೊಮ್ಮಗು ಜ್ವರದಿಂದ ತೀರಿಕೊಂಡಿತು. ಅವತ್ತೇ ಹಿರಿಯರೆಲ್ಲ ಸೇರಿ ಊರ ದೈವ ಕೂಡಿತು. ಇನ್ನು ಮುಂದೆ ಊರಲ್ಲಿ ಅಂಜನ, ಮಂತ್ರ, ತಾಯತ ಯಾವುದೂ ನಡೆಯಕೂಡದು. ಮಾಡಿದವರಾಗಲಿ, ಅವರ ರಕ್ತದವರಾಗಲಿ ಗಡಿಯೊಳಗೆ ಇರಕೂಡದು ಎಂದು ನಿರ್ಣಯವಾಯಿತು. ಮಂತ್ರ ಸರಿಯಾಗಿ ಉಚ್ಚರಿಸಬಾರದೆಂದು ಅವ್ವನ ಮುಂದಿನ ಹಲ್ಲುಗಳನ್ನು ಕಲ್ಲಿನಿಂದ ಮುರಿದರು.

ನಾನು ನಿನ್ನ ತಲೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಲ್ಲೇ ನಿಂತಿದ್ದೆ. ನಮ್ಮವ್ವನಿಗೆ ಒಂದೇ ಒಂದು ಮಂತ್ರ ಬರುತ್ತಿರಲಿಲ್ಲ, ಶಿವವ್ವಾ. ನೋಡಲು ಮಾತ್ರ ಬರುತ್ತಿತ್ತು. ಬಾಯಿ ಊದಿಕೊಂಡು, ಗಂಟಲಲ್ಲಿ ಹನಿ ನೀರು ಇಳಿಯದೆ, ಒಂಬತ್ತನೇ ದಿನ ತೀರಿಕೊಂಡಳು.

ನಿನ್ನ ಅಪ್ಪ ಉಳವಪ್ಪ ಕೆಟ್ಟವನಲ್ಲ. ಆದರೆ ಅವನ ತಾಯಿ ಬಾಗಿಲಿಗೆ ಅಡ್ಡ ನಿಂತು, "ಮಾಟಗಾತಿ ಮಗಳು ಈ ಹೊಸ್ತಿಲಾ ದಾಟಂಗಿಲ್ಲ," ಎಂದಾಗ ಅವನು ಕಟ್ಟೆಯ ಮೇಲೆ ಕೂತು ಎತ್ತಿನ ಹಗ್ಗ ಹೊಸೆಯುತ್ತಿದ್ದ. ತಲೆ ಎತ್ತಲಿಲ್ಲ. ಎತ್ತುವನೇನೋ ಎಂದು ನಾನು ಕಾದೆ. ಆಮೇಲೆ ನಿನ್ನನ್ನು ಎತ್ತಿಕೊಂಡು ನಡೆದೆ.

ಆಗ ದಾಂಡೇಲಿಯಲ್ಲಿ ಕಾಗದದ ಕಾರಖಾನೆ ಕಟ್ಟುತ್ತಿದ್ದರು. ಧಾರವಾಡ, ಬೆಳಗಾವಿ ಕಡೆಯಿಂದ ಜನ ದಿನಾ ಬಂದಿಳಿಯುತ್ತಿದ್ದರು. ಯಾರೂ ಯಾರ ಊರನ್ನೂ ಬಹಳ ಕೆದಕುತ್ತಿರಲಿಲ್ಲ. ನಾನು ಬೈಲಹೊಂಗಲದ ಕಡೆಯವಳು, ಗಂಡ ಸತ್ತಿದ್ದಾನೆ ಎಂದೆ. ಕಲ್ಲು ಹೊತ್ತೆ, ಗಾರೆ ಕಲಸಿದೆ. ಕಟ್ಟಡ ಮುಗಿದ ಮೇಲೆ ಕೆಲಸವೂ ಮುಗಿಯಿತು. ಸಾಹೇಬರ ಕ್ವಾರ್ಟರ್ಸುಗಳಲ್ಲಿ ಪಾತ್ರೆ ತೊಳೆಯಲು ಸೇರಿಕೊಂಡೆ.

ಊರು ಬಿಟ್ಟು ಬಂದ ಜನ ಊರಿನ ಕಾನೂನನ್ನು ಗಂಟಿನಲ್ಲಿ ಕಟ್ಟಿಕೊಂಡೇ ಬಂದಿದ್ದರು. ನಾವಿದ್ದ ಕೂಲಿಮನೆಗಳ ಲೈನಿನ ಹಿರಿಯ ಅಡಿವೆಯ್ಯ ನಿನಗೆ ನೆನಪಿರಬೇಕು, ಬಿಳಿ ಮೀಸೆ, ಹೆಗಲ ಮೇಲೆ ಕಂಬಳಿ. ನಾವು ಬಂದ ಎರಡನೇ ವರ್ಷ ಪಕ್ಕದ ಲೈನಿನಲ್ಲಿ ಒಬ್ಬಳು ಯಾರದೋ ಬಾಗಿಲಿಗೆ ಮಂತ್ರಿಸಿದ ನಿಂಬೆಹಣ್ಣು ಇಟ್ಟಳೆಂದು ಅವಳ ಪಾತ್ರೆ ಪಗಡವನ್ನೆಲ್ಲ ಹೊರಗೆ ಎಸೆದರು. ಅವಳ ತಲೆಗೂದಲನ್ನು ಕತ್ತರಿಸಿ ಅವತ್ತಿನ ರೈಲಿಗೇ ಹತ್ತಿಸಿದರು. "ಮಾಟ ಮಂತ್ರ ಮಾಡಾವ್ರಿಗೆ ನಮ್ಮ ಲೈನಿನಾಗ ಜಾಗಾ ಇಲ್ಲ. ಅವರ ಮಕ್ಕಳಿಗೂ ಇಲ್ಲ," ಎಂದು ಅಡಿವೆಯ್ಯ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಅವಳ ಸೆರಗು ಹಿಡಿದುಕೊಂಡು ಒಬ್ಬ ಹುಡುಗಿ ಹೋಗುತ್ತಿದ್ದಳು. ನಿನ್ನಷ್ಟೇ ಇದ್ದಳು.

ಆ ಮಳೆಗಾಲದಲ್ಲಿ ನಿನಗೆ ಚಳಿಜ್ವರ ಬಂತು. ಹೊದೆಸಿದ ಕೌದಿಯ ಜೊತೆಗೇ ನೀನು ನಡುಗುತ್ತಿದ್ದೆ. ದುಡ್ಡು ಗುಳಿಗೆಗೂ ಇಲ್ಲ, ಗಂಜಿಗೂ ಇಲ್ಲ. ಕೆಲಸಕ್ಕೆ ಹೋದ ಮನೆಯ ಅಡಿಗೆಕೋಣೆಯಲ್ಲಿ ನಿಂತಿದ್ದಾಗ ಮೈ ಅಕ್ಕಿ ಡಬ್ಬಿಯ ಕಡೆ ತಿರುಗಿತು. ತಳದಲ್ಲಿ, ಚಿಂದಿಯಲ್ಲಿ ಸುತ್ತಿದ ಒಂದು ಉಂಗುರ. ಇಟ್ಟವರೇ ಅದನ್ನು ಮರೆತಿದ್ದರು. ತೊಳೆದ ಪಾತ್ರೆಯನ್ನೇ ಎರಡನೇ ಸಲ ತೊಳೆಯುತ್ತ ಬಹಳ ಹೊತ್ತು ನಿಂತೆ. ಆಮೇಲೆ ಉಂಗುರವನ್ನು ಬಾಯಲ್ಲಿಟ್ಟುಕೊಂಡು ಹೊರಗೆ ಬಂದೆ. ಅಳ್ನಾವರದ ಸಂತೆಯಲ್ಲಿ ಮಾರಿದೆ. ನಿನಗೆ ಜ್ವರ ಬಿಟ್ಟಿತು.

ಹೀಗೆ ಕಳ್ಳಿಯಾದೆ. ಬೀಗ ಮುರಿಯಲಿಲ್ಲ, ಕನ್ನ ಕೊರೆಯಲಿಲ್ಲ. ನೇರವಾಗಿ ಹೋಗಿ, ಇದ್ದಲ್ಲಿಂದ ಎತ್ತಿಕೊಂಡು ಬರುತ್ತಿದ್ದೆ. ದೇವರ ಪಟದ ಹಿಂದೆ ಇಟ್ಟದ್ದು, ದಿಂಬಿನ ಹತ್ತಿಯೊಳಗೆ ಹೊಲಿದದ್ದು. ಕಳೆದದ್ದನ್ನು ಜನರಿಗೆ ಹುಡುಕಿಕೊಡಲೆಂದು ನಮ್ಮ ಮನೆತನಕ್ಕೆ ಬಂದ ಕಣ್ಣನ್ನು ನಾನು ಇದಕ್ಕೆ ಬಳಸಿದೆ. ಅವ್ವ ಬದುಕಿದ್ದರೆ ಒಂದೇ ವೀಳ್ಯದೆಲೆಯಲ್ಲಿ ನನ್ನನ್ನು ಹಿಡಿದುಬಿಡುತ್ತಿದ್ದಳು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಇನ್ನೊಂದನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ. ನಿನ್ನನ್ನು ಸಾಕಿದ ಕಾಶೆವ್ವ ಆಗ ಲೈನಿನ ತುದಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಗಂಡ, ಮಕ್ಕಳು ಇಲ್ಲದವಳು. ಅವಳ ಗೋಡೆಯ ಗೂಡಿನಿಂದ ಬೆಳ್ಳಿ ಕಡಗ ಎತ್ತಿದವಳು ನಾನು. ಅವಳ ಹತ್ತಿರ ರೊಟ್ಟಿ ಬಡಿಯುತ್ತಿದ್ದ ಶಂಕ್ರೆವ್ವನ ಮೇಲೆ ಅಪವಾದ ಬಂತು. ನಾಲ್ಕು ಜನ ಹೊಡೆದರು. ನಾನು ನೋಡುತ್ತ ನಿಂತೆ. ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ ನಸುಕಿನಲ್ಲಿ ಕಡಗವನ್ನು ಕಾಶೆವ್ವನ ಹೊಸ್ತಿಲ ಮೇಲೆ ಇಟ್ಟು ತಿರುಗಿದರೆ ಅವಳು ಹಿತ್ತಲಿನ ಕಡೆಯಿಂದ ನನ್ನನ್ನೇ ನೋಡುತ್ತಿದ್ದಳು. ಕೂಗಲಿಲ್ಲ. ಹತ್ತಿರ ಬಂದು, "ಕದ್ದ ಕಳ್ಳರನ್ನ ನೋಡೇನಿ, ತಂದು ಕೊಟ್ಟ ಕಳ್ಳರನ್ನ ನೋಡಿರಲಿಲ್ಲ. ಈ ಗೂಡು ನನ್ನ ಗಂಡಗೂ ಗೊತ್ತಿರಲಿಲ್ಲ. ಏನದಿ ನೀನು?" ಎಂದು ಕೇಳಿದಳು. ನಾನು ಸೆರಗು ಬಿಗಿದುಕೊಂಡು ಮನೆಯ ಕಡೆ ನಡೆದೆ. ಅವಳು ಮತ್ತೆಂದೂ ಕೇಳಲಿಲ್ಲ. ಅಷ್ಟರಲ್ಲಿ ಶಂಕ್ರೆವ್ವ ದಾಂಡೇಲಿ ಬಿಟ್ಟು ಹೋಗಿದ್ದಳು.

ನಿನಗೆ ಏಳು ತುಂಬಿದ ವರ್ಷ ನೆರೆಮನೆಯ ಸುಶೀಲವ್ವನ ಆಡು ತಪ್ಪಿಸಿಕೊಂಡಿತು. ನೀನು ತುಂಬಿದ ಕೊಡದೊಳಗೆ ಇಣುಕಿ, "ಆಡು ಹಳೇ ಸುಣ್ಣದ ಭಟ್ಟಿಯೊಳಗ ಬಿದ್ದೈತಿ," ಎಂದೆ. ಅಲ್ಲೇ ಸಿಕ್ಕಿತು. "ಆಡಾಕ ಹೋದಾಗ ನೋಡಿರಬೇಕು," ಎಂದು ನಾನು ನಕ್ಕೆ. ಆಮೇಲೆ ಮನೆಯೊಳಗೆ ಕರೆದು, ಇನ್ನೊಮ್ಮೆ ಹೀಗೆ ಹೇಳಬೇಡ ಎಂದು ಗದರಿಸಿದೆ. "ನೀರಾಗ ತಾನ ಕಾಣತೈತಿ ಅವ್ವಾ, ನಾ ಏನ್ ಮಾಡ್ಲಿ?" ಎಂದೆ ನೀನು. ಅವತ್ತು ನಿನ್ನನ್ನು ಹತ್ತಿರ ಕೂಡಿಸಿಕೊಂಡು ಎಲ್ಲ ಹೇಳಬೇಕಿತ್ತು. ಇನ್ನೂ ಸಣ್ಣವಳು, ನಾಳೆ ಹೇಳಿದರಾಯಿತು ಎಂದುಕೊಂಡೆ. ಎರಡು ವರ್ಷ ನಾಳೆ ಎನ್ನುತ್ತಲೇ ಇದ್ದೆ.

ಸುಶೀಲವ್ವ ಎಂಥ ಹೆಣ್ಣುಮಗಳು! ನಾನು ಕೆಲಸದಿಂದ ಬರುವುದು ತಡವಾದರೆ ನಿನ್ನನ್ನು ಕರೆದು ತನ್ನ ನೀಲವ್ವನ ತಾಟಿನಲ್ಲೇ ಉಣಿಸುತ್ತಿದ್ದಳು. ಇಬ್ಬರಿಗೂ ಒಂದೇ ಹಣಿಗೆಯಿಂದ ಹೆರಳು ಹಾಕುತ್ತಿದ್ದಳು. ನನ್ನನ್ನು ಯಕ್ಕಾ ಎನ್ನುತ್ತಿದ್ದಳು. ಅವಳ ಮನೆಯಲ್ಲಿ ಯಾವ ವಸ್ತು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಒಂದು ಬೆಂಕಿಪೆಟ್ಟಿಗೆಯನ್ನೂ ಅಲ್ಲಿಂದ ಮುಟ್ಟಲಿಲ್ಲ.

ಅರವತ್ತೊಂದರ ಹೋಳಿ ಕಳೆದ ವಾರ, ಮಧ್ಯಾಹ್ನ ನೀಲವ್ವ ಕಾಣೆಯಾದಳು. ನಾಲ್ಕು ವರ್ಷದ ಕೂಸು. ಗಂಡಸರು ಕಾಳಿ ಹೊಳೆಯ ದಂಡೆಯನ್ನೆಲ್ಲ ಹುಡುಕಿದರು. ಮೊಸಳೆ ಎಂದರು, ಹುಲಿ ಎಂದರು. ನಾನು ಸಂಜೆ ಕೆಲಸದಿಂದ ಬಂದು ಸುಶೀಲವ್ವನ ಹತ್ತಿರ ಕೂತು ಅವಳ ಕೈ ಹಿಡಿದೆನೋ ಇಲ್ಲವೋ, ಮೈ ತಿರುಗಿತು. ಕಾರಖಾನೆಯ ಹಿಂದಿನ ಬಿದಿರಿನ ಅಂಗಳದ ಕಡೆಗೆ. ಅಲ್ಲಿ ಬಿದಿರನ್ನು ಗುಡ್ಡದ ಹಾಗೆ ಒಟ್ಟಿರುತ್ತಿದ್ದರಲ್ಲ, ಅದರಲ್ಲಿ ಮೂರನೇ ರಾಶಿ. ಬುಡದ ಸಂದಿಯೊಳಗೆ ಕೂಸು. ಒಂದು ಬಿದಿರು ಜಾರಿ ಕಾಲ ಮೇಲೆ ಬಿದ್ದಿದೆ. ಜೀವ ಇದೆ.

ಎದ್ದು ಓಡಿದೆ. ಅಚಾನಕ್ಕಾಗಿ ಸಿಕ್ಕಳೆಂದು ಹೇಳಿ ಎತ್ತಿಕೊಂಡು ಬಂದುಬಿಡೋಣ ಎಂದಿತ್ತು. ಗೇಟಿನಲ್ಲಿ ಕಾವಲುಗಾರರು ತಡೆದರು. ಲೈನಿನ ಹೆಂಗಸರು ಉರುವಲಿಗೆ ಬಿದಿರು ಚೂರು ಒಯ್ಯುತ್ತಾರೆಂದು ಸಂಜೆಯ ಸೈರನ್ ಆದ ಮೇಲೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. "ಕೂಸು ಇಲ್ಲಿ ಇಲ್ಲ ಬಾಯಿ, ನಾವೂ ಹುಡುಕೇವಿ. ಹೋಗ್ರಿ," ಎಂದರು. ಮೂರನೇ ರಾಶಿ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಿನಗ ಹೆಂಗ ಗೊತ್ತು ಎನ್ನುವ ಪ್ರಶ್ನೆ ಅದರ ಹಿಂದೆಯೇ ಬರುತ್ತಿತ್ತು. ರೈಲು ಹತ್ತಿದ ಆ ಹುಡುಗಿ ಕಣ್ಣ ಮುಂದೆ ಬಂದಳು. ನಾನು ತಿರುಗಿ ಬಂದೆ. ಬಂದು ನಿನ್ನ ಪಕ್ಕದಲ್ಲಿ ಮಲಗಿದೆ. ಆ ರಾತ್ರಿಯನ್ನು ಬರೆಯಲು ನನಗೆ ಆಗುವುದಿಲ್ಲ.

ಬೆಳಗಾದಾಗ ಎಲ್ಲರೂ ನಳದ ಹತ್ತಿರ ಸೇರಿದ್ದರು. ಹೊಳೆಗೆ ಬಲೆ ಹಾಕಿಸಬೇಕೆಂದು ಅಡಿವೆಯ್ಯ ಹೇಳುತ್ತಿದ್ದ. ಬಲೆ ಎನ್ನುವ ಮಾತು ಕೇಳಿ ಸುಶೀಲವ್ವ ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತಳು. ನೀನು ಕೊಡ ತುಂಬಿಸಿ ಕಟ್ಟೆಯ ಮೇಲೆ ಇಟ್ಟಿದ್ದೆ. ನಾನು ನಿನ್ನ ಕಡೆ ನೋಡುವಷ್ಟರಲ್ಲಿ ನೀನು ಅದರೊಳಗೆ ನೋಡುತ್ತಿದ್ದೆ.

"ಅವ್ವಾ, ನೀಲಿ ಸತ್ತಿಲ್ಲ," ಎಂದು ನೀನು ಕೂಗಿದೆ. "ಬಿದಿರಿನ ರಾಶಿ ಒಳಗ ಅದಾಳ. ಕಾಲ ಮ್ಯಾಲ ಬಿದಿರ ಬಿದ್ದೈತಿ. ನೀರ ಕೇಳಾಕತ್ತಾಳ."

ಅಡಿವೆಯ್ಯ ನಿನ್ನ ಕಡೆ ತಿರುಗಿದ. "ನಿನಗ ಹೆಂಗ ಗೊತ್ತಾತು, ಹುಡುಗಿ?"

ನೀನು ಕೊಡದ ಕಡೆ ಬೆರಳು ಮಾಡಿದೆ. "ಇದರಾಗ..."

ಅಷ್ಟೇ ಹೇಳಿದ್ದು ನೀನು. ನಾನು ಹೊಡೆದೆ. ಹುಟ್ಟಿದಾಗಿನಿಂದ ನಿನ್ನ ಮೇಲೆ ಕೈ ಮಾಡಿರಲಿಲ್ಲ. ನೀನು ಕೊಡದ ಜೊತೆಗೇ ಕೆಳಗೆ ಬಿದ್ದೆ. "ನಾ ಮನಿಯಾಗ ಬಡಬಡಿಸಿದ್ದನ್ನ ಕೇಳಿ ಬೊಗಳತಾಳ ಇಕಿ," ಎಂದು ನಾನು ಕಿರುಚಿದೆ. "ನಾನ ಇಟ್ಟು ಬಂದೇನಿ ಕೂಸನ್ನ! ಕಿವ್ಯಾಗಿನ ಬಂಗಾರಕ್ಕ ಕರಕೊಂಡು ಹೋಗಿದ್ದೆ. ಮೂರನೇ ರಾಶಿಯಾಗ ಅದಾಳ, ಓಡ್ರಿ!"

ನೀನು ಮಣ್ಣಿನಿಂದ ಎದ್ದು, "ಇಲ್ಲ ಅವ್ವಾ, ನೀ ಅಲ್ಲ..." ಎಂದೆ. "ಬಾಯಿ ಮುಚ್ಚು," ಎಂದೆ ನಾನು. ಆ ದನಿ ನನ್ನದೆಂದು ನನಗೇ ಅನಿಸಲಿಲ್ಲ. ನಿನ್ನ ತುಟಿ ಒಡೆದು ಹಲ್ಲಿಗೆ ರಕ್ತ ಮೆತ್ತಿತ್ತು. ಹಾಲುಹಲ್ಲು ಬಿದ್ದು ಬಂದ ದೊಡ್ಡ ಹಲ್ಲುಗಳು, ಇನ್ನೂ ಮುಖಕ್ಕೆ ಹೊಂದಿರಲಿಲ್ಲ. ನನಗೆ ಕಾಣುತ್ತಿದ್ದದ್ದು ಆ ಹಲ್ಲುಗಳು ಮಾತ್ರ. ಕಳ್ಳಿಯ ಮಗಳನ್ನು ಜನ ನಾಲ್ಕು ದಿನ ಬೈದು ಮರೆಯುತ್ತಾರೆ. ಮಾಟಗಾತಿಯ ಮಗಳನ್ನು ಏನು ಮಾಡುತ್ತಾರೆಂದು ನಾನು ನೋಡಿದ್ದೆ. ಅದೂ ಮಗಳಿಗೇ ಕಣ್ಣಿದೆ ಎಂದು ತಿಳಿದರೆ ಏನು ಮಾಡುತ್ತಾರೆ?

ಗಂಡಸರು ಓಡಿದರು. ನೀಲವ್ವ ಸಿಕ್ಕಳು, ಜೀವಂತವಾಗಿ. ಕಿವಿಯಲ್ಲಿ ಬಂಗಾರ ಹಾಗೇ ಇತ್ತು. ಅಡಿವೆಯ್ಯ ಅದನ್ನು ಕೇಳಿಯೇ ಕೇಳಿದ. ಕೂಸು ಅಳತೊಡಗಿತು, ಯಾರೋ ಬಂದ ಸಪ್ಪಳಾಯಿತು, ಹೆದರಿ ಬಿಟ್ಟು ಓಡಿದೆ ಎಂದೆ. ಮನೆ ಶೋಧ ಮಾಡಿದರು. ಒಲೆಯ ಕೆಳಗೆ ಹೂತಿಟ್ಟ ನನ್ನ ಕಳವಿನ ಮಾಲು ಸಿಕ್ಕಿತು. ಆಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ, ಆ ಮಧ್ಯಾಹ್ನ ನಾನು ಕೆಲಸದಲ್ಲಿದ್ದೆನೇ ಎಂದೂ ಯಾರೂ ವಿಚಾರಿಸಲಿಲ್ಲ. ನೀಲವ್ವ ಪಾಪ, "ಬೆಕ್ಕಿನ ಮರಿ ಹಿಂದ ಹೋದೆ," ಎಂದು ಹೇಳುತ್ತಲೇ ಇತ್ತಂತೆ. ಕೂಸು ಹೆದರಿ ಏನೇನೋ ಬಡಬಡಿಸುತ್ತದೆ ಎಂದರಂತೆ. ದವಾಖಾನೆಯಲ್ಲಿ ಅವಳ ಎಡಗಾಲಿನ ಮೂರು ಬೆರಳು ತೆಗೆದರು. ಹಿಂದಿನ ಸಂಜೆಯೇ ನಾನು ಹೇಳಿದ್ದರೆ ಆ ಬೆರಳು ಉಳಿಯುತ್ತಿದ್ದವು. ಜೇಲಿನ ಮೂರು ವರ್ಷವನ್ನು ನಾನು ಆ ಬೆರಳುಗಳಿಗಾಗಿ ಕಳೆದೆ. ಅದು ಅನ್ಯಾಯದ ಶಿಕ್ಷೆ ಎಂದು ಒಂದು ದಿನವೂ ಅನಿಸಲಿಲ್ಲ.

ಸುಶೀಲವ್ವ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಪೊಲೀಸರು ಕೂಡಿಸಿದಲ್ಲಿಗೆ ಬಂದು ಎದುರಿಗೆ ನಿಂತು, "ಯಕ್ಕಾ, ನಿನ್ನ ಮಗಳಿಗೆ ನಾ ಉಣಿಸಿದ್ನಲ್ಲ," ಎಂದಳು. ಅಷ್ಟೇ ಕೇಳಿದಳು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ನಿನ್ನ ಕೂಸನ್ನು ತೋರಿಸಿಕೊಟ್ಟವಳೂ ಆ ಮಗಳೇ, ತಂಗೀ, ಎಂದು. ನುಂಗಿಕೊಂಡೆ.

ನನ್ನನ್ನು ಕರೆದೊಯ್ಯುವಾಗ ಕಾಶೆವ್ವ ನಿನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನೀನು ಅಳುತ್ತಿರಲಿಲ್ಲ. ಕೆನ್ನೆಯ ಮೇಲೆ ನನ್ನ ಐದೂ ಬೆರಳು ಮೂಡಿದ್ದವು. ನಾನು ಒಂದು ಸಲ ತಿರುಗಿ ನೋಡಿದೆ. ನೀನು ನೆಲ ನೋಡುತ್ತಿದ್ದೆ.

ಕಾಶೆವ್ವ ಜೇಲಿಗೆ ಒಂದೇ ಸಲ ಬಂದಳು. ಖಾನಾವಳಿ ಬಿಟ್ಟು ತನ್ನ ತವರು ಮುಂಡಗೋಡಿಗೆ ನಿನ್ನನ್ನು ಕರೆದುಕೊಂಡು ಹೋಗಿರುವುದಾಗಿಯೂ ಸಾಲೆಗೆ ಹಾಕಿರುವುದಾಗಿಯೂ ಹೇಳಿದಳು. ನೀನು ಹೊರಗೆ ನಿಂತಿರಬಹುದು ಎಂದು ನಾನು ಬಾಗಿಲ ಕಡೆಯೇ ನೋಡುತ್ತಿದ್ದೆ. "ಕರದೆ. ಬರಂಗಿಲ್ಲ ಅಂದ್ಳು," ಎಂದಳು. ನನ್ನ ಹತ್ತಿರ ಸರಿದು, "ಮಾಲವ್ವಾ, ನಾ ಏನೂ ಕೇಳೂದಿಲ್ಲ. ಒಂದ ಮಾತು ಹೇಳತೇನಿ. ಹುಡುಗಿ ನೀರ ಕುಡಿಯೂ ಮುಂದ ಕಣ್ಣ ಮುಚ್ಚತಾಳ. ಬಾವಿಗೆ ಹೋದ್ರ ಆಕಾಶ ನೋಡಿಕೋಂತ ಹಗ್ಗ ಜಗ್ಗತಾಳ," ಎಂದಳು.

ಕಾಶೆವ್ವ ಎದ್ದು ಹೋದ ಮೇಲೂ ನಾನು ಅಲ್ಲೇ ಕೂತಿದ್ದೆ. ಜನರ ಕೈಯಿಂದ ನಿನ್ನನ್ನು ಉಳಿಸಿದೆ ಎಂದುಕೊಂಡು ಮೂರು ವರ್ಷ ಕಳೆಯುವವಳಿದ್ದೆ. ನನ್ನ ಕೈಯಿಂದ ನಿನ್ನನ್ನು ಉಳಿಸುವವರು ಯಾರೂ ಇರಲಿಲ್ಲ.

ಬಿಡುಗಡೆಯಾದ ಮೇಲೆ ಮುಂಡಗೋಡಿಗೆ ಬರಲಿಲ್ಲ. ಮದುವೆಯಾಗುವ ತನಕ ನೆರಳು ಕೂಡ ಬೀಳಬಾರದು ಎಂದು ಕಾಶೆವ್ವ ಹೇಳಿ ಕಳಿಸಿದ್ದಳು. ಅದು ಸರಿಯಾಗಿಯೇ ಇತ್ತು. ಇಲ್ಲಿ ಕ್ಯಾಸಲ್‌ರಾಕಿನಲ್ಲಿ ರೈಲ್ವೆ ಗ್ಯಾಂಗಿನವರಿಗೆ ರೊಟ್ಟಿ ಬಡಿದುಕೊಟ್ಟು ಇದ್ದೇನೆ. ಕಳವು ಮಾಡುವುದಿಲ್ಲ. ಮೈ ಇನ್ನೂ ತಿರುಗುತ್ತದೆ, ಅದು ನನ್ನ ಕೈಯಲ್ಲಿಲ್ಲ. ಯಾರದಾದರೂ ಏನಾದರೂ ಕಳೆದರೆ, ಅವರ ಕಣ್ಣಿಗೆ ಬೀಳುವ ಜಾಗದಲ್ಲಿ ತಂದಿಟ್ಟು ಸುಮ್ಮನೆ ಬಂದುಬಿಡುತ್ತೇನೆ. ತಾವೇ ಮರೆತಿದ್ದೆವು ಎಂದು ನಗುತ್ತಾರೆ. ಗೋದುಬಾಯಿ ಬಳೆ ಗಂಟು ಹೊತ್ತು ಈ ಕಡೆ ಬಂದಾಗಲೆಲ್ಲ ನಿನ್ನ ಸುದ್ದಿ ತರುತ್ತಾಳೆ. ನೀನು ಏಳನೇ ಇಯತ್ತೆ ಪಾಸಾದದ್ದು, ಮದುವೆಯಾದದ್ದು, ಈಗ ತುಂಬಿದ ಬಸುರಿ ಎನ್ನುವುದು, ಎಲ್ಲ ಅವಳಿಂದಲೇ ಕೇಳಿದೆ.

ಕಾಶೆವ್ವ ತೀರಿಕೊಂಡ ಸುದ್ದಿಯನ್ನೂ ಅವಳೇ ತಂದಳು. ತಡೆಯಲಾಗಲಿಲ್ಲ. ರೈಲು ಹತ್ತಿ ಅಳ್ನಾವರದಲ್ಲಿ ಇಳಿದು, ಅಲ್ಲಿಂದ ಬಸ್ಸುಗಳನ್ನು ಬದಲಿಸುತ್ತ ಬಂದೆ. ಕೊನೆಯ ಬಸ್ಸಿನ ತುಂಬ ಮುಂಡಗೋಡಿನ ನಿರಾಶ್ರಿತರ ಕ್ಯಾಂಪಿನ ಟಿಬೆಟಿನವರು. ಪಟ್ಟೆ ಪಟ್ಟೆಯ ಬಟ್ಟೆಯನ್ನು ಮುಂದೆ ಕಟ್ಟಿಕೊಂಡಿದ್ದ ಒಬ್ಬ ಮುದುಕಿ ಸರಿದು ಕೂತು ಜಾಗ ಕೊಟ್ಟಳು. ಅವಳೂ ಊರು ಕಳೆದುಕೊಂಡವಳು.

ನಾನು ಬರುವ ಹೊತ್ತಿಗೆ ಮಣ್ಣು ಮಾಡಿ ಮೂರು ದಿನವಾಗಿತ್ತು. ಅವಳ ಮನೆಯ ಮುಂದೆ ಬೇವಿನ ಗಿಡದ ಕೆಳಗೆ ಸೆರಗು ಮುಖಕ್ಕೆ ಎಳೆದುಕೊಂಡು ಕೂತೆ. ಒಳಗಿನಿಂದ ನೀನು ಬಂದೆ. ಮನೆ ಬಳಿಯಲು ಬಂದಿದ್ದೆಯೆಂದು ಕಾಣುತ್ತದೆ, ಮೊಣಕೈ ತನಕ ಸೆಗಣಿ. ಒಂದು ಕೈ ನಡುವಿನ ಮೇಲೆ. ನಡೆಯುವುದು ಥೇಟ್ ನಮ್ಮವ್ವನ ಹಾಗೆ.

"ಯಾವೂರು ಯವ್ವಾ?" ಎಂದು ನೀನು ಕೇಳಿದೆ. ಯಾವ ಮುದುಕಿಯನ್ನಾದರೂ ಹಾಗೆಯೇ ಕರೆಯುತ್ತಾರೆ, ನನಗೆ ಗೊತ್ತು. ದೂರದ ಊರು ಎಂದೆ ನಾನು. "ಬಿಸಲಾಗ ಬಂದೀರಿ, ತಡೀರಿ," ಎಂದು ಕೈ ತೊಳೆದು ತಂಬಿಗೆ ತಂದೆ. ನಾನು ಬೊಗಸೆ ಒಡ್ಡಿದೆ. ನಿನ್ನನ್ನು ಹೊಡೆದ ಕೈಗೆ ನೀನು ನೀರು ಹಾಕಿದೆ, ಮುಖವನ್ನು ಬೀದಿಯ ಕಡೆ ತಿರುಗಿಸಿಕೊಂಡು. ನೀರು ಬೊಗಸೆ ತುಂಬಿ ನೆಲಕ್ಕೆ ಹರಿಯುತ್ತಿದ್ದರೂ ನಿನಗೆ ಗೊತ್ತಾಗಲಿಲ್ಲ. ಇನ್ನೂ ನೋಡುವುದಿಲ್ಲ ನೀನು. ಹದಿನೇಳು ವರ್ಷದ ಹೆಂಗಸು, ಹೆರಿಗೆಗೆ ಎರಡು ತಿಂಗಳಿದೆ, ಒಂದು ತಂಬಿಗೆ ನೀರಿಗೆ ಇನ್ನೂ ಹೆದರುತ್ತೀ. ನನಗೆ ಮೂವತ್ತೊಂಬತ್ತು, ಮುದುಕಿಯ ಹಾಗೆ ಕಂಡೆ. ಗುರುತು ಸಿಗಲಿಲ್ಲವಲ್ಲ ಎಂದು ಸಮಾಧಾನವಾಯಿತು. ಬಸ್ಸು ಹತ್ತಿದ ಮೇಲೆ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಅದಕ್ಕೇ ಬರೆಯುತ್ತಿದ್ದೇನೆ. ಎಂಟು ವರ್ಷದಿಂದ ನಿನ್ನ ತಲೆಯಲ್ಲಿ ಏನು ಕೂತಿದೆಯೆಂದು ನನಗೆ ಗೊತ್ತಿಲ್ಲ. ನೀರಿನಲ್ಲಿ ಕಂಡದ್ದು ಸುಳ್ಳು, ತಾಯಿಯ ಮಾತೇ ನಿಜ ಎಂದು ನಂಬಿದ್ದೀಯೋ? ನನ್ನ ಬಾಯಿಂದಲೇ ಅವ್ವ ಜೇಲಿಗೆ ಹೋದಳು ಎಂದು ಕೊರಗುತ್ತಿದ್ದೀಯೋ? ಎರಡೂ ಅಲ್ಲ, ಮಗಳೇ. ನಿನಗೆ ಕಂಡದ್ದು ಕಂಡ ಹಾಗೆಯೇ ನಿಜ. ನೀನು ತಪ್ಪು ನೋಡಲಿಲ್ಲ, ತಪ್ಪು ಹೇಳಲಿಲ್ಲ. ಹೊಡೆದದ್ದು ನೀನು ಸುಳ್ಳು ಹೇಳಿದೆಯೆಂದಲ್ಲ, ನಿಜ ಹೇಳಿದೆಯೆಂದು.

ಹೊಟ್ಟೆಯಲ್ಲಿರುವುದು ಹೆಣ್ಣು ಎಂದು ನನ್ನ ಮನಸ್ಸು ಹೇಳುತ್ತದೆ. ಇದು ಕಣ್ಣಿನ ಮಾತಲ್ಲ, ಬರೀ ಆಸೆ. ಹೆಣ್ಣೇ ಆದರೆ, ಮುಂದೊಂದು ದಿನ ಅದು ಬಂದು, ಅವ್ವಾ ನನಗೆ ಹಿಂಗ ಕಾಣತೈತಿ ಎಂದರೆ, ಕೈ ಎತ್ತಬೇಡ. ಬಾಗಿಲು ಹಾಕಿ, ತೊಡೆಯ ಮೇಲೆ ಕೂಡಿಸಿಕೊಂಡು, ಏನು ಕಂಡಿತು ಎಂದು ಪೂರ್ತಿ ಕೇಳು. ನಂಬುತ್ತೇನೆ ಎಂದು ಹೇಳು. ಯಾರ ಮುಂದೆ ಆಡಬಾರದು ಎನ್ನುವುದನ್ನು ಆಮೇಲೆ ಕಲಿಸು. ನಾಳೆ ಎನ್ನಬೇಡ. ಆ ಬೆಳಗಿನಲ್ಲಿ ನನಗೆ ಹೊತ್ತು ಸಿಗಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಹೊತ್ತು ಇತ್ತು. ಎರಡು ವರ್ಷ ಇತ್ತು. ನಾನು ಹೆದರಿದೆ.

ನನ್ನನ್ನು ಹುಡುಕಿಕೊಂಡು ಬರಬೇಡ. ಗೋದುಬಾಯಿಯ ಹತ್ತಿರ ಏನೂ ಹೇಳಿ ಕಳಿಸಬೇಡ, ಅವಳ ಬಾಯಿ ಸಡಿಲ. ಓದಿದ ಮೇಲೆ ಈ ಕಾಗದವನ್ನು ಒಲೆಗೆ ಹಾಕು.

ಹಾಕುವ ಮೊದಲು ಇದೊಂದನ್ನು ಎರಡು ಸಲ ಓದು. ಹೋದ ವಾರ ಗೋದುಬಾಯಿ ದಾಂಡೇಲಿಗೆ ಹೋಗಿದ್ದಳು. ಸುಶೀಲವ್ವನ ಮಗಳಿಗೆ ಬಳೆ ಇಡಿಸಿ ಬಂದಳಂತೆ. ನೀಲವ್ವ ಈಗ ಹನ್ನೆರಡು ವರ್ಷದವಳು. ಸ್ವಲ್ಪ ಕುಂಟುತ್ತಾಳೆ, ಆದರೂ ಸಾಲೆಗೆ ಎಲ್ಲರಿಗಿಂತ ಮುಂದೆ ಓಡುತ್ತಾಳಂತೆ. ಹಸಿರು ಬಳೆ ಬೇಡ, ಕೆಂಪೇ ಬೇಕು ಎಂದು ಹಟ ಹಿಡಿದು ಕೂತಳಂತೆ. ಆ ಹುಡುಗಿಯನ್ನು ಉಳಿಸಿದವಳು ನಾನಲ್ಲ, ಶಿವವ್ವಾ. ನಾನು ತಿಳಿದೂ ಒಂದು ರಾತ್ರಿ ಸುಮ್ಮನೆ ಮಲಗಿದ್ದೆ. ಒಂಬತ್ತು ವರ್ಷದ ನೀನು ಎಲ್ಲರೆದುರು ಬಾಯಿ ಬಿಟ್ಟು ಹೇಳಿದೆ. ಅವಳು ಇವತ್ತು ಬಳೆಯ ಬಣ್ಣಕ್ಕೆ ಜಗಳಾಡುತ್ತಿದ್ದರೆ ಅದು ನಿನ್ನಿಂದ.

ಉಳವಿಯ ಚನ್ನಬಸವಣ್ಣ ನಿನ್ನನ್ನೂ ನಿನ್ನ ಕೂಸನ್ನೂ ಕಾಯಲಿ. ಸುಖವಾಗಿ ಹೆರಿಗೆಯಾಗಲಿ. ನಿನಗೆ ನೂರು ವರ್ಷ ಆಯುಷ್ಯ ಬರಲಿ, ಕಣ್ಣು ಬಿಟ್ಟುಕೊಂಡು ಬಾಳು.

ನಿನ್ನ ಅವ್ವ,
ಮಾಲವ್ವ